ರಾಯಚೂರಿನ ಲೈನು, ನೇಪಾಳದ ನೀರು: ನೆರೆದೇಶಗಳ ಕರೆಂಟ್ ಒಪ್ಪಂದ ನಮಗೇಕೆ ಮುಖ್ಯ

ರಾಯಚೂರಿಗೂ ಸೋಲಾಪುರಕ್ಕೂ ನಡುವೆ ಎಳೆದಿರುವ 765 ಕೆ.ವಿ. ಲೈನ್‌ಗೆ 2013ರ ಡಿಸೆಂಬರ್ 31ರಂದು ಕರೆಂಟ್ ಬಿಟ್ಟರು. ಅಲ್ಲಿವರೆಗೆ ದಕ್ಷಿಣದ ರಾಜ್ಯಗಳ ಗ್ರಿಡ್ (ಸ್ಥಾವರಗಳನ್ನೂ ಊರುಗಳನ್ನೂ ಬೆಸೆಯುವ ಲೈನ್‌ಗಳ ಜಾಲ) ಬೇರೆ, ದೇಶದ ಉಳಿದ ಭಾಗದ ಗ್ರಿಡ್ ಬೇರೆ ಇತ್ತು. ಆವತ್ತು ಎರಡೂ ಒಂದಾದವು. ಇಡೀ ದೇಶಕ್ಕೆ ಒಂದೇ ಗ್ರಿಡ್ ಆದದ್ದು ನಮ್ಮ ರಾಯಚೂರಿನ ಲೈನ್‌ನಿಂದ. ಈ ಸಂಗತಿ ನಮ್ಮ ಜಿಲ್ಲೆಯಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. ಗೊತ್ತಿರಬೇಕು ಅನ್ನೋದು ನನ್ನ ಆಸೆ.

ಯಾಕೆಂದರೆ ಆವತ್ತು ನಮಗೆ ಸಿಕ್ಕ ನಂಟು ಬರೀ ಮಹಾರಾಷ್ಟ್ರದ್ದಲ್ಲ. ಭೂತಾನ್ ದೇಶದ ಗ್ರಿಡ್ ಆಗಲೇ ಭಾರತದ ಪೂರ್ವ ಭಾಗದ ಗ್ರಿಡ್‌ಗೆ ಸೇರಿಕೊಂಡಿತ್ತು. 2016ರಲ್ಲಿ ಬಿಹಾರದ ಮುಜಫರ್‌ಪುರದಿಂದ ನೇಪಾಳದ ಢಲ್ಕೆಬರ್‌ಗೆ ದೊಡ್ಡ ಲೈನ್ ಶುರುವಾಯಿತು. ಮೊದಲು ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸಿ, ಆಮೇಲೆ 400 ಕೆ.ವಿ.ಗೆ ಏರಿಸಿದರು. ಹಾಗಾಗಿ ಇವತ್ತು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಕುಡಿತಿನಿಯ ಬಳ್ಳಾರಿ ಉಷ್ಣ ಸ್ಥಾವರ (ಬಿಟಿಪಿಎಸ್), ಯಲಬುರ್ಗಾ ಕಡೆಯ ಗಾಳಿಯಂತ್ರಗಳು, ಭೂತಾನಿನ ತಾಲಾ, ನೇಪಾಳದ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಕೇಂದ್ರಗಳು ಎಲ್ಲವೂ ಒಂದೇ ಗ್ರಿಡ್‌ನಲ್ಲಿವೆ.

ದಕ್ಷಿಣ ಏಷ್ಯಾದ ದೇಶಗಳ ನಡುವಿನ ವಿದ್ಯುತ್ ಒಪ್ಪಂದ ಅಂದ ಕೂಡಲೇ ಅದು ದೆಹಲಿ, ಕಠ್ಮಂಡು, ಢಾಕಾದವರ ವಿಷಯ ಅನಿಸುತ್ತದೆ. ಕೊಪ್ಪಳದ ರೈತನಿಗೂ ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕೂ ಇದರಲ್ಲಿ ಏನಿದೆ? ಇದೆ. ಆದರೆ ನಾವು ಸಾಮಾನ್ಯವಾಗಿ ಅಂದುಕೊಳ್ಳುವ ರೀತಿಯಲ್ಲಿ ಇಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಂದೇ ಲಯದಲ್ಲಿ ಓಡೋದು ಅಂದರೆ

ಗ್ರಿಡ್‌ನಲ್ಲಿರುವ ಜನರೇಟರ್‌ಗಳೆಲ್ಲ ಒಂದೇ ಲಯದಲ್ಲಿ ಓಡಬೇಕು. ನಮ್ಮಲ್ಲಿ ಆ ಲಯ ಸೆಕೆಂಡಿಗೆ 50 ಆವರ್ತ, ಅಂದರೆ 50 ಹರ್ಟ್ಸ್. ಶಕ್ತಿನಗರದ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅದನ್ನು 60ರಿಂದ ಭಾಗಿಸಿದರೆ 50 ಬರುತ್ತದೆ. ಜಲವಿದ್ಯುತ್ ಟರ್ಬೈನ್‌ಗಳು ಇನ್ನೂ ನಿಧಾನ. ಆದರೆ ಅವುಗಳ ಜನರೇಟರ್‌ನಲ್ಲಿ ಕಾಂತಧ್ರುವಗಳು ಜಾಸ್ತಿ ಇರುತ್ತವೆ, ಹಾಗಾಗಿ ಹೊರಬರುವ ಕರೆಂಟ್ 50 ಹರ್ಟ್ಸೇ ಆಗಿರುತ್ತದೆ. ಎಲ್ಲೋ ಒಂದು ಕಡೆ ದಿಢೀರನೆ ಒಂದು ಘಟಕ ನಿಂತುಹೋದರೆ ಉಳಿದ ಯಂತ್ರಗಳೆಲ್ಲ ಒಟ್ಟಿಗೆ ಸ್ವಲ್ಪ ನಿಧಾನವಾಗುತ್ತವೆ. ಗ್ರಿಡ್ ದೊಡ್ಡದಿದ್ದಷ್ಟೂ ಆ ಹೊಡೆತ ಹಂಚಿಹೋಗುತ್ತದೆ. ಚಿಕ್ಕದಿದ್ದರೆ ನಾಲ್ಕಾರು ಯಂತ್ರಗಳೇ ಅದನ್ನು ತಡೆದುಕೊಳ್ಳಬೇಕು.

2025ರ ಫೆಬ್ರುವರಿ 9ರಂದು ಶ್ರೀಲಂಕಾದಲ್ಲಿ ಇಡೀ ದೇಶದ ಕರೆಂಟ್ ಹೋಯಿತು. ಕೊಲಂಬೊ ಹತ್ತಿರದ ಪಾಣದುರ ಸಬ್‌ಸ್ಟೇಷನ್‌ಗೆ ಕೋತಿ ನುಗ್ಗಿದ್ದೇ ಕಾರಣ ಅಂತ ಅಲ್ಲಿನ ಇಂಧನ ಸಚಿವರು ಹೇಳಿದರು. ಕೋತಿ ನೆಪವಷ್ಟೇ. ಅದು ಭಾನುವಾರದ ಬೆಳಗಿನ ಹೊತ್ತು. ಬೇಡಿಕೆ ಕಡಿಮೆ, ಬಿಸಿಲಿನ ಕರೆಂಟ್ ಜಾಸ್ತಿ, ಭಾರವಾಗಿ ತಿರುಗುವ ಯಂತ್ರಗಳು ಕಡಿಮೆ. ಸುತ್ತ ಸಮುದ್ರ, ಪಕ್ಕದಲ್ಲಿ ಆಸರೆ ಕೊಡುವ ಗ್ರಿಡ್ ಇಲ್ಲ. ಸಣ್ಣ ತೊಂದರೆಯೊಂದು ದೇಶವನ್ನೇ ಕತ್ತಲಿಗೆ ತಳ್ಳಿತು. ಭಾರತ ಮತ್ತು ಶ್ರೀಲಂಕಾ ನಡುವೆ ಡಿ.ಸಿ. ಲೈನ್ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಲೈನ್) ಹಾಕುವ ಮಾತು ವರ್ಷಗಳಿಂದ ಇದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಎರಡು ಸರ್ಕಾರಗಳು ಅದಕ್ಕೆ ಒಡಂಬಡಿಕೆಯನ್ನೂ ಮಾಡಿಕೊಂಡವು.

ಹಾಗಂತ ಗ್ರಿಡ್ ಸೇರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. 2012ರ ಜುಲೈ 30 ಮತ್ತು 31ರಂದು ಏನಾಯಿತು ನೆನಪಿದೆಯಾ? ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದು ಸುಮಾರು 60 ಕೋಟಿ ಜನ ಕರೆಂಟ್ ಇಲ್ಲದೆ ಕೂತರು. ದಕ್ಷಿಣ ಭಾರತಕ್ಕೆ ಏನೂ ಆಗಲಿಲ್ಲ. ಆಗ ನಮ್ಮ ಗ್ರಿಡ್ ಉಳಿದವುಗಳ ಜೊತೆ ಡಿ.ಸಿ. ಕೊಂಡಿಗಳ ಮೂಲಕ ಮಾತ್ರ ಸೇರಿತ್ತು. ಡಿ.ಸಿ. ಕೊಂಡಿಯಲ್ಲಿ ಕರೆಂಟ್ ದಾಟುತ್ತದೆ, ಆಚೆ ಕಡೆಯ ತೊಂದರೆ ಅಷ್ಟು ಸುಲಭಕ್ಕೆ ದಾಟುವುದಿಲ್ಲ.

ಮತ್ತೆ ಯಾಕೆ ಸೇರಿಸಿದರು? ಪ್ರತ್ಯೇಕವಾಗಿದ್ದದ್ದಕ್ಕೆ ನಾವು ತುಂಬಾ ಬೆಲೆ ಕೊಡುತ್ತಿದ್ದೆವು. ಆ ವರ್ಷಗಳಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಕಡೆ ಕರೆಂಟ್ ಬರ. ಅತ್ತ ಪಶ್ಚಿಮ ಮತ್ತು ಪೂರ್ವದ ಸ್ಥಾವರಗಳಲ್ಲಿ ಮಾರಾಟಕ್ಕೆ ಕರೆಂಟ್ ಇತ್ತು. ತರಲು ಲೈನ್ ಇರಲಿಲ್ಲ. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ದಕ್ಷಿಣದ ದರವೇ ಬೇರೆ, ಉಳಿದವರ ದರವೇ ಬೇರೆ. ನಮ್ಮದು ಯಾವಾಗಲೂ ಮೇಲೆ. ರಾಯಚೂರು–ಸೋಲಾಪುರ ಲೈನ್ ಬಂದ ಮೇಲೆ, ಅದರ ಹಿಂದೆ ಇನ್ನಷ್ಟು ಲೈನ್‌ಗಳು ಬಂದ ಮೇಲೆ, ಆ ಅಂತರ ಕರಗುತ್ತಾ ಬಂತು.

ಬಾಂಗ್ಲಾದೇಶ ಈ ಎರಡೂ ಪಾಠಗಳನ್ನು ಒಟ್ಟಿಗೆ ಕಲಿತ ದೇಶ. 2013ರಲ್ಲಿ ಪಶ್ಚಿಮ ಬಂಗಾಳದ ಬಹರಾಂಪುರದಿಂದ ಅಲ್ಲಿನ ಭೇರಾಮಾರಕ್ಕೆ 500 ಮೆಗಾವ್ಯಾಟ್ ಸಾಮರ್ಥ್ಯದ ಡಿ.ಸಿ. ಕೊಂಡಿ ಶುರುವಾಯಿತು. 2018ರಲ್ಲಿ ಅದನ್ನು 1,000ಕ್ಕೆ ಏರಿಸಿದರು. ನಡುವೆ 2014ರ ನವೆಂಬರ್ 1ರಂದು ಭೇರಾಮಾರದ ಸ್ಟೇಷನ್ ಟ್ರಿಪ್ ಆಯಿತು. ಬರುತ್ತಿದ್ದ ನಾಲ್ಕುನೂರು ಚಿಲ್ಲರೆ ಮೆಗಾವ್ಯಾಟ್ ಒಂದೇ ಏಟಿಗೆ ನಿಂತಿತು, ದೇಶ ಪೂರ್ತಿ ಕತ್ತಲಾಯಿತು. ಹೊರಗಿನ ಕರೆಂಟ್ ಬೇಕು ನಿಜ. ಅದು ಹಠಾತ್ತನೆ ನಿಂತರೆ ಒಳಗೆ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಅನ್ನೋದನ್ನೂ ಮೊದಲೇ ನೋಡಿಕೊಂಡಿರಬೇಕು.

ನೇಪಾಳದ ಮಳೆಗಾಲ, ನಮ್ಮ ಬೇಸಿಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನೆರೆದೇಶಗಳು ಕರೆಂಟ್ ಹಂಚಿಕೊಳ್ಳುವಾಗ ನಿಜವಾಗಿ ಹಂಚಿಕೊಳ್ಳುವುದು ಕಾಲವನ್ನು. ಒಬ್ಬರ ಬಳಿ ಹೆಚ್ಚಾಗಿರುವ ಹೊತ್ತಿಗೆ ಇನ್ನೊಬ್ಬರಿಗೆ ಕೊರತೆ ಇದ್ದರೆ ವ್ಯವಹಾರ ಕುದುರುತ್ತದೆ. ಇಬ್ಬರಿಗೂ ಒಟ್ಟಿಗೆ ಕೊರತೆಯಾದರೆ ಲೈನ್ ಇದ್ದೂ ಪ್ರಯೋಜನವಿಲ್ಲ.

ನೇಪಾಳದ ಸ್ಥಾಪಿತ ಸಾಮರ್ಥ್ಯ 3,000 ಮೆಗಾವ್ಯಾಟ್ ದಾಟಿದೆ. ಬಹುಪಾಲು ಹರಿಯುವ ನದಿಯಿಂದಲೇ ನೇರವಾಗಿ ವಿದ್ಯುತ್ ತೆಗೆಯುವ ಘಟಕಗಳು. ಕುಲೇಖಾನಿ ಬಿಟ್ಟರೆ ತಿಂಗಳುಗಟ್ಟಲೆ ನೀರು ಕೂಡಿಡುವ ಜಲಾಶಯದ ವಿದ್ಯುತ್ ಕೇಂದ್ರ ಅಲ್ಲಿಲ್ಲ. ಹಾಗಾಗಿ ಜೂನ್‌ನಿಂದ ಅಕ್ಟೋಬರ್–ನವೆಂಬರ್‌ವರೆಗೆ ಕರೆಂಟ್ ಧಾರಾಳ. ಡಿಸೆಂಬರ್ ಬಂತೆಂದರೆ ಹಿಮಾಲಯದ ನದಿಗಳು ಬಡಕಲಾಗಿ ಉತ್ಪಾದನೆ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಅವರು ಭಾರತದಿಂದ ಕೊಳ್ಳುತ್ತಾರೆ. ಹಿಂದೆ ಅಲ್ಲಿ ಚಳಿಗಾಲದಲ್ಲಿ ದಿನಕ್ಕೆ ಹದಿನಾರು–ಹದಿನೆಂಟು ಗಂಟೆ ಲೋಡ್ ಶೆಡ್ಡಿಂಗ್ ಇದ್ದ ವರ್ಷಗಳಿದ್ದವು. 2021ರ ನವೆಂಬರ್‌ನಲ್ಲಿ ಬರೀ 39 ಮೆಗಾವ್ಯಾಟ್‌ನಿಂದ ಅವರು ಭಾರತದ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಮಾರಾಟ ಶುರುಮಾಡಿದರು. 2023–24ರ ಆರ್ಥಿಕ ವರ್ಷದ ಹೊತ್ತಿಗೆ ಕೊಂಡದ್ದಕ್ಕಿಂತ ಮಾರಿದ್ದೇ ಜಾಸ್ತಿಯಾಯಿತು. 2024ರ ಜನವರಿಯಲ್ಲಿ ಹತ್ತು ವರ್ಷಗಳಲ್ಲಿ 10,000 ಮೆಗಾವ್ಯಾಟ್‌ವರೆಗೆ ಕೊಳ್ಳುವ ಒಪ್ಪಂದಕ್ಕೆ ಭಾರತ ಸಹಿ ಹಾಕಿತು.

ಇದನ್ನು ಓದಿದ ಕೂಡಲೇ ನಮ್ಮಲ್ಲಿ ಕೆಲವರು "ಹಾಗಾದರೆ ಬೇಸಿಗೆಯಲ್ಲಿ ನೇಪಾಳದ ಕರೆಂಟ್ ತರಬಹುದಲ್ಲ" ಅನ್ನುತ್ತಾರೆ. ಆಗುವುದಿಲ್ಲ. ಕರ್ನಾಟಕಕ್ಕೆ ಅತಿ ಹೆಚ್ಚು ಕರೆಂಟ್ ಬೇಕಾಗುವುದು ಫೆಬ್ರುವರಿಯಿಂದ ಏಪ್ರಿಲ್. ಪಂಪ್‌ಸೆಟ್‌ಗಳು ಓಡುತ್ತವೆ, ಬಿಸಿಲು ಏರುತ್ತದೆ, ಜಲಾಶಯಗಳು ಇಳಿಯುತ್ತವೆ. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಅದೇ ತಿಂಗಳುಗಳಲ್ಲಿ ನೇಪಾಳವೂ ಭೂತಾನವೂ ಕೈಚಾಚುವ ಸ್ಥಿತಿಯಲ್ಲಿರುತ್ತವೆ. ಭೂತಾನಿನ ಕಥೆ ನೋಡಿ. 1980ರ ದಶಕದ ಕೊನೆಗೆ ಭಾರತದ ನೆರವಿನಿಂದ ಚುಖಾದಲ್ಲಿ 336 ಮೆಗಾವ್ಯಾಟ್, ಆಮೇಲೆ ತಾಲಾದಲ್ಲಿ 1,020, 2019ರಲ್ಲಿ ಮಂಗ್ದೆಛುನಲ್ಲಿ 720. ಕರೆಂಟ್ ಮಾರಾಟವೇ ಆ ದೇಶದ ದೊಡ್ಡ ಆದಾಯ. ಅಂಥ ದೇಶವೂ ಈಚಿನ ಚಳಿಗಾಲಗಳಲ್ಲಿ ಭಾರತದಿಂದ ಕರೆಂಟ್ ಕೊಳ್ಳುತ್ತಿದೆ.

ಇನ್ನು ಮಳೆಗಾಲದ ಲೆಕ್ಕ. ಜೂನ್–ಜುಲೈನಲ್ಲಿ ಕೊಪ್ಪಳ, ಗದಗ, ಬಳ್ಳಾರಿ ಕಡೆ ಗಾಳಿ ಬೀಸುತ್ತದೆ. ಗಾಳಿ ವಿದ್ಯುತ್ ಭರ್ಜರಿ. ಶರಾವತಿ, ಕಾಳಿ ತುಂಬುತ್ತವೆ. ಆಗ ನಮ್ಮ ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರದಲ್ಲಿ ಒಂದೊಂದೇ ಘಟಕ ನಿಲ್ಲಿಸುತ್ತಾರೆ. ಮಾರಲು ನಮ್ಮ ಬಳಿಯೂ ಕರೆಂಟ್ ಇರುತ್ತದೆ. ಅಂದರೆ ಜುಲೈ ತಿಂಗಳಲ್ಲಿ ಉತ್ತರ ಭಾರತದ ಮಾರುಕಟ್ಟೆಯಲ್ಲಿ ಕರ್ನಾಟಕ ಮತ್ತು ನೇಪಾಳ ಇಬ್ಬರೂ ಮಾರಾಟಗಾರರು. ಬೇಸಿಗೆಯಲ್ಲಿ ಇಬ್ಬರೂ ಗಿರಾಕಿಗಳು. ಕಾಲದ ಲೆಕ್ಕದಲ್ಲಿ ನಾವೂ ಅವರೂ ಒಂದೇ ಸಾಲಿನಲ್ಲಿ ನಿಂತವರು.

ಹಾಗಿದ್ದರೆ ಲಾಭ ಎಲ್ಲಿದೆ? ನನಗೆ ಎರಡು ಕಡೆ ಕಾಣುತ್ತದೆ.

ಒಂದು, ನಡುವೆ ಇರುವ ರಾಜ್ಯಗಳ ಮೂಲಕ. 2023ರಲ್ಲಿ ಮಳೆ ಕೈಕೊಟ್ಟಿತು. ಆ ಅಕ್ಟೋಬರ್‌ನಲ್ಲಿ ರೈತರಿಗೆ ತ್ರೀ ಫೇಸ್ ಕರೆಂಟ್ 7 ಗಂಟೆಯಿಂದ 5 ಗಂಟೆಗೆ ಇಳಿದದ್ದು, ಎಲ್ಲ ಕಡೆ ಗಲಾಟೆಯಾದದ್ದು ನಮಗೆ ನೆನಪಿದೆ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಖಾಸಗಿ ಉತ್ಪಾದಕರೆಲ್ಲ ಇಲ್ಲಿಗೇ ಕರೆಂಟ್ ಕೊಡಬೇಕು ಅಂದಿತು. ಜೊತೆಗೆ ಉತ್ತರ ಪ್ರದೇಶ ಮತ್ತು ಪಂಜಾಬ್ ಜೊತೆ ವಿನಿಮಯ ಮಾಡಿಕೊಂಡಿತು. ಬೇಸಿಗೆಯವರೆಗೆ ಅವರು ಕೊಡಬೇಕು, ಮಳೆಗಾಲದಲ್ಲಿ ನಾವು ತಿರುಗಿ ಕೊಡಬೇಕು. ದುಡ್ಡಿನ ಬದಲು ಕರೆಂಟಿಗೆ ಕರೆಂಟ್. ಉತ್ತರದ ರಾಜ್ಯಗಳಿಗೆ ಸೆಕೆಯ, ಭತ್ತ ನಾಟಿಯ ದಿನಗಳಲ್ಲಿ ಹೊರಗಿನಿಂದ ಬರುವ ಕರೆಂಟ್ ಎಷ್ಟು ಭದ್ರವಾಗಿರುತ್ತದೋ, ಚಳಿಗಾಲ ಮುಗಿಯುವಾಗ ನಮಗೆ ಕೊಡಲು ಅವರು ಅಷ್ಟು ಧೈರ್ಯ ಮಾಡುತ್ತಾರೆ. ನೇಪಾಳದ ನೀರು ರಾಯಚೂರಿಗೆ ಬರುವುದು ಈ ಸುತ್ತುದಾರಿಯಲ್ಲಿ. ಬಾಂಗ್ಲಾದೇಶ ಮಳೆಗಾಲದಲ್ಲೂ ದೊಡ್ಡ ಗಿರಾಕಿ. ಅಲ್ಲಿಗೆ ನೇಪಾಳದ ಕರೆಂಟ್ ಜಾಸ್ತಿ ಹೋದಷ್ಟೂ ಉತ್ತರದ ಮಾರುಕಟ್ಟೆಯಲ್ಲಿ ನಮ್ಮ ಗಾಳಿ ಕರೆಂಟಿಗೆ ಜಾಗ ಸಿಗುತ್ತದೆ. ಢಾಕಾ–ಕಠ್ಮಂಡು ಒಪ್ಪಂದದಿಂದ ಯಲಬುರ್ಗಾಕ್ಕೂ ಅಷ್ಟಿಷ್ಟು ಅನುಕೂಲವಿದೆ.

ಎರಡನೆಯದು ದಿನದ ಗಂಟೆಗಳ ಲೆಕ್ಕ. ಇದನ್ನು ಯಾರೂ ಹೆಚ್ಚು ಮಾತಾಡುತ್ತಿಲ್ಲ, ನನಗೆ ಮಾತ್ರ ಇದೇ ದೊಡ್ಡದು ಅನಿಸುತ್ತದೆ. ಫೆಬ್ರುವರಿಯ ಮಧ್ಯಾಹ್ನ ನಮ್ಮ ಕಡೆ ಬಿಸಿಲಿಗೆ ಬರವೇ ಇಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಒಂದೇ ಅಲ್ಲ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರು ಜಿಲ್ಲೆಗಳಲ್ಲೂ ಪ್ಯಾನೆಲ್‌ಗಳು ಹಬ್ಬುತ್ತಿವೆ. ಕಷ್ಟ ಶುರುವಾಗುವುದು ಸಂಜೆ ಆರರ ಮೇಲೆ. ಸೂರ್ಯ ಇಳಿದ ಮೇಲೆ ಮನೆಮನೆಯಲ್ಲೂ ಲೈಟು, ಫ್ಯಾನು. ನೇಪಾಳದಲ್ಲಿ ಚಳಿಗಾಲದ ನೀರು ಕಡಿಮೆ ನಿಜ. ಆದರೆ ಅಪ್ಪರ್ ತಾಮಾಕೋಶಿಯಂಥ 456 ಮೆಗಾವ್ಯಾಟ್ ಕೇಂದ್ರಕ್ಕೆ ಒಂದು ಸಣ್ಣ ಕೊಳ ಇದೆ. ಆ ದಿನಗಳಲ್ಲೂ ಹಗಲೆಲ್ಲ ನೀರು ಹಿಡಿದಿಟ್ಟು ನಾಲ್ಕು ಗಂಟೆ ಪೂರ್ತಿ ಶಕ್ತಿಯಲ್ಲಿ ಓಡಿಸುವಂತೆ ಅದನ್ನು ಕಟ್ಟಿದ್ದಾರೆ. ಕಾಳಿ ಗಂಡಕಿಯ 144 ಮೆಗಾವ್ಯಾಟ್ ಕೇಂದ್ರಕ್ಕೂ ಹೀಗೇ ಕೊಳವಿದೆ. ಹಗಲು ದಖ್ಖನ್ನಿನ ಅಗ್ಗದ ಬಿಸಿಲು ಕರೆಂಟ್ ಅವರು ತೆಗೆದುಕೊಂಡು, ತಮ್ಮ ನೀರನ್ನು ಸಂಜೆಗೆ ಉಳಿಸಿಕೊಂಡರೆ ಇಬ್ಬರಿಗೂ ಒಳ್ಳೆಯದು. ಸಂಜೆ ಅವರು ನಮ್ಮಿಂದ ಕೊಳ್ಳುವುದು ಕಡಿಮೆಯಾದರೂ ಸಾಕು, ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ನೇಪಾಳ, ಭೂತಾನಗಳ ಜೊತೆ ಋತುಗಳ ಒಪ್ಪಂದ ಮಾಡಿಕೊಂಡಷ್ಟೇ ಶ್ರದ್ಧೆಯಿಂದ ಗಂಟೆಗಳ ಒಪ್ಪಂದವನ್ನೂ ಮಾಡಿಕೊಳ್ಳಬೇಕು ಅಂತ ನಾನು ಹೇಳುವುದು ಇದಕ್ಕೇ.

ತುಂಗಭದ್ರೆಯ ಎರಡು ದಂಡೆ

ಬೇರೆ ಬೇರೆ ಆಡಳಿತಗಳು ಒಂದೇ ನದಿಯಿಂದ ನೀರು, ಕರೆಂಟ್ ಹಂಚಿಕೊಳ್ಳುವುದು ನಮಗೆ ಹೊಸದಲ್ಲ. ತುಂಗಭದ್ರಾ ಅಣೆಕಟ್ಟು ಹುಟ್ಟಿದ್ದೇ ಹಾಗೆ. ಆಗ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ, ಹೊಸಪೇಟೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ನದಿಯ ಎಡದಂಡೆಯಲ್ಲಿ ಒಂದು ಸರ್ಕಾರ, ಬಲದಂಡೆಯಲ್ಲಿ ಇನ್ನೊಂದು. ದಶಕಗಳ ಎಳೆದಾಟದ ನಂತರ 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ನಿಜಾಮರ ಮಗ ಬೇರಾರ್ ರಾಜಕುಮಾರರೂ ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್ ಅವರೂ ಶಂಕುಸ್ಥಾಪನೆ ಮಾಡಿದರು. ಕೆಲಸ ಮುಗಿಯುವಷ್ಟರಲ್ಲಿ ಮದ್ರಾಸ್ ಪ್ರಾಂತ್ಯವೂ ಇರಲಿಲ್ಲ, ನಿಜಾಮರ ಆಳ್ವಿಕೆಯೂ ಇರಲಿಲ್ಲ. ದೇಶ ಸ್ವತಂತ್ರವಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು, ಆಂಧ್ರ ರಾಜ್ಯ ಹುಟ್ಟಿತು. ಸಹಿ ಹಾಕಿದ ಸರ್ಕಾರಗಳೇ ಹೋದರೂ ಒಪ್ಪಂದ ಉಳಿಯಿತು.

ಅದು ಉಳಿದದ್ದು ಸದ್ಭಾವನೆ ಒಂದರಿಂದಲೇ ಅಲ್ಲ. ತುಂಗಭದ್ರಾ ಮಂಡಳಿ ಅಂತ ಒಂದು ಸಂಸ್ಥೆ ಮಾಡಿದರು. ಅಧ್ಯಕ್ಷರನ್ನು ಕೇಂದ್ರ ನೇಮಿಸುತ್ತದೆ, ರಾಜ್ಯಗಳ ಪ್ರತಿನಿಧಿಗಳು ಕೂರುತ್ತಾರೆ, ನೀರಿನ ಲೆಕ್ಕ ಬರೆದಿಡುತ್ತಾರೆ. ಬಲದಂಡೆಯ ಅಣೆಕಟ್ಟು ಮತ್ತು ಹಂಪಿ ವಿದ್ಯುತ್ ಕೇಂದ್ರಗಳು ಸೇರಿ 72 ಮೆಗಾವ್ಯಾಟ್. ಅದರಲ್ಲಿ ಆಂಧ್ರಕ್ಕೆ ಶೇ 80, ಕರ್ನಾಟಕಕ್ಕೆ ಶೇ 20. ಎಡದಂಡೆಯ ಮುನಿರಾಬಾದ್ ಕೇಂದ್ರ ಪೂರ್ತಿ ನಮ್ಮದು, 28 ಮೆಗಾವ್ಯಾಟ್. ಈ ಪಾಲು ನ್ಯಾಯವೋ ಅಲ್ಲವೋ ಅಂತ ವಾದ ಮಾಡಬಹುದು. ಆದರೆ ಎಷ್ಟು ಅನ್ನೋದರಲ್ಲಿ ಯಾರಿಗೂ ಅನುಮಾನವಿಲ್ಲ.

ಮಂಡಳಿಯ ದೌರ್ಬಲ್ಯವನ್ನೂ ನಾವು ನೋಡಿದ್ದೇವೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ವರ್ಷಗಳಿಂದ ಮಾತುಕತೆ, ವರ್ಷಗಳಿಂದ ಪರಿಹಾರವಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಿತ್ತು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ನದಿಗೆ ಹರಿದುಹೋಗುತ್ತಿದ್ದರೆ ಎರಡು ಬೆಳೆಯ ಕನಸು ಕಂಡಿದ್ದ ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರ ಸಂಕಟ ಹೇಳತೀರದು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಫಲಕ) ಇಳಿಸಿ ಒಂದು ವಾರದೊಳಗೆ ತಡೆದರು. ಅವರು ಆಂಧ್ರದವರು, ದುಡಿದವರಲ್ಲಿ ಎರಡೂ ಕಡೆಯವರಿದ್ದರು. ಅದು ಹೆಮ್ಮೆಯ ವಿಷಯ. ಎಪ್ಪತ್ತು ವರ್ಷ ಹಳೆಯ ಗೇಟುಗಳನ್ನು ಮೊದಲೇ ಬದಲಿಸದೆ ಬಿಟ್ಟದ್ದು ಹೆಮ್ಮೆಯ ವಿಷಯವಲ್ಲ. ಹಂಚಿಕೆಯ ಸೂತ್ರ ಬರೆಯುವಾಗ ತೋರಿಸಿದ ಜಾಣ್ಮೆಯನ್ನು ದುರಸ್ತಿಯ ಹೊಣೆ ಬರೆಯುವಾಗ ತೋರಿಸಲಿಲ್ಲ. ಪಂಚೇಶ್ವರದಂಥ ಭಾರತ–ನೇಪಾಳ ಜಂಟಿ ಅಣೆಕಟ್ಟಿನ ಬಗ್ಗೆ 1996ರ ಮಹಾಕಾಳಿ ಒಪ್ಪಂದದಿಂದ ಇವತ್ತಿನವರೆಗೂ ಮಾತು ನಡೆಯುತ್ತಲೇ ಇದೆ. ಆ ಮೇಜಿನ ಮುಂದೆ ಕೂರುವವರು ಒಮ್ಮೆ ಮುನಿರಾಬಾದಿಗೆ ಬಂದು ಈ ಎರಡು ಮುಖಗಳನ್ನೂ ನೋಡಬೇಕು.

ಗೇಟು ಯಾರ ಕೈಲಿದೆ

ದಕ್ಷಿಣ ಏಷ್ಯಾದ ನಕ್ಷೆ ನೋಡಿ. ನೇಪಾಳಕ್ಕೆ ಬಾಂಗ್ಲಾದೇಶ ಗಡಿಯಲ್ಲ. ಭೂತಾನಕ್ಕೆ ನೇಪಾಳ ಗಡಿಯಲ್ಲ. ಎಲ್ಲರಿಗೂ ಗಡಿ ಇರುವುದು ಭಾರತ. ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ನಡುವೆ ಸಿಲಿಗುರಿ ಹತ್ತಿರ ಇರುವ ಭಾರತದ ನೆಲ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ಅಗಲ, ಅಷ್ಟೇ. ಆದರೂ 40 ಮೆಗಾವ್ಯಾಟ್ ಕರೆಂಟ್ ಆ ದೇಶದಿಂದ ಈ ದೇಶಕ್ಕೆ ಹೋಗಲು ವರ್ಷಗಳೇ ಹಿಡಿದವು. 2018ರಲ್ಲಿ ಎರಡೂ ದೇಶ ಒಡಂಬಡಿಕೆ ಮಾಡಿಕೊಂಡವು. ಮೂರೂ ದೇಶ ಸೇರಿ ಸಹಿ ಹಾಕಿದ್ದು 2024ರ ಅಕ್ಟೋಬರ್ 3ರಂದು. ನವೆಂಬರ್ 15ರಂದು ಒಂದು ದಿನದ ಮಟ್ಟಿಗೆ ಕರೆಂಟ್ ಹರಿಯಿತು. ನಿಯಮಿತವಾಗಿ ಶುರುವಾದದ್ದು 2025ರ ಜೂನ್‌ನಲ್ಲಿ. ಒಪ್ಪಂದ ಐದು ವರ್ಷದ್ದು, ವರ್ಷಕ್ಕೆ ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ, ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್. ಢಲ್ಕೆಬರ್‌ನಿಂದ ಮುಜಫರ್‌ಪುರ, ಅಲ್ಲಿಂದ ಬಹರಾಂಪುರ, ಅಲ್ಲಿಂದ ಭೇರಾಮಾರ. 40 ಮೆಗಾವ್ಯಾಟ್ ಅಂದರೆ ಶಕ್ತಿನಗರದ ಒಂದು 210 ಮೆಗಾವ್ಯಾಟ್ ಘಟಕದ ಐದನೇ ಒಂದು ಭಾಗವೂ ಅಲ್ಲ. ಆದರೆ ಮೂರನೇ ದೇಶದ ನೆಲದ ಮೇಲೆ ಎರಡು ದೇಶಗಳ ನಡುವೆ ನಡೆದ ಈ ಭಾಗದ ಮೊದಲ ಕರೆಂಟ್ ವ್ಯಾಪಾರ ಇದು. ಹಾಗಾಗಿ ನಾನು ಇದನ್ನು ಸಣ್ಣದು ಅನ್ನುವುದಿಲ್ಲ.

ನಮ್ಮ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಮಾನ್ವಿ, ಸಿರವಾರ, ರಾಯಚೂರು ಕಡೆಯವರಿಗೆ ಪಾಲಿನ ನೀರು ಕಾಗದದ ಮೇಲೆ ಇದೆ. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ಎಳೆದುಕೊಂಡರೆ ಇಲ್ಲಿಗೆ ಬರುವುದು ಉಳಿದದ್ದು ಮಾತ್ರ. ಪ್ರತಿ ವರ್ಷ ಧರಣಿ, ಪ್ರತಿ ವರ್ಷ ಗೇಜ್ ಅಳತೆಯ ಜಗಳ. ಕರೆಂಟ್ ವಿಷಯದಲ್ಲಿ ಬಾಂಗ್ಲಾದೇಶ ಆ ಕೊನೆ ಭಾಗದ ಜಾಗದಲ್ಲಿದೆ. ನಡುವಿನ ಗೇಟು ಭಾರತದ ಕೈಲಿದೆ.

ಗೇಟು ಕೈಲಿರುವವರ ಮೇಲೆ ಅನುಮಾನ ಹುಟ್ಟಲು ಹೆಚ್ಚು ಹೊತ್ತು ಬೇಡ. 2015ರ ಸೆಪ್ಟೆಂಬರ್‌ನಿಂದ ತಿಂಗಳುಗಟ್ಟಲೆ ನೇಪಾಳಕ್ಕೆ ಪೆಟ್ರೋಲು, ಗ್ಯಾಸ್ ಸರಿಯಾಗಿ ಹೋಗಲಿಲ್ಲ. ಭಾರತವೇ ತಡೆಯಿತು ಎಂದು ನೇಪಾಳ ಹೇಳಿತು. ಅಲ್ಲಿನ ಹೊಸ ಸಂವಿಧಾನದ ವಿರುದ್ಧ ಗಡಿಯಂಚಿನ ತರಾಯಿ ಬಯಲಿನಲ್ಲಿ ಅಲ್ಲಿನ ಮಧೇಸಿ ಜನ ನಡೆಸಿದ ಹೋರಾಟವೇ ಕಾರಣ ಎಂದು ಭಾರತ ಹೇಳಿತು. ಅಡುಗೆ ಗ್ಯಾಸ್ ಇಲ್ಲದೆ ಸೌದೆ ಉರಿಸಿದ ಕಠ್ಮಂಡುವಿನ ಮನೆಗಳಿಗೆ ಯಾರು ಸರಿ ಅನ್ನುವುದಕ್ಕಿಂತ ತಾವು ಎಷ್ಟು ಅಸಹಾಯಕರು ಅನ್ನೋದು ತಿಳಿಯಿತು. ಆ ಗಾಯಕ್ಕೆ ಮದ್ದು ಬಂದದ್ದು ಲೈನ್‌ಗಳು ಮತ್ತು ಪೈಪ್‌ಗಳ ರೂಪದಲ್ಲೇ. 2019ರಲ್ಲಿ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖಗಂಜ್‌ಗೆ 69 ಕಿ.ಮೀ. ಇಂಧನ ಪೈಪ್‌ಲೈನ್ ಆಯಿತು. 2023ರಲ್ಲಿ ಸಿಲಿಗುರಿಯಿಂದ ಬಾಂಗ್ಲಾದೇಶದ ಪಾರ್ಬತಿಪುರಕ್ಕೆ ಇನ್ನೊಂದು.

ಅದೇ ಬಾಂಗ್ಲಾದೇಶದ ಜೊತೆ ಗೊಡ್ಡಾ ಸ್ಥಾವರದ ವ್ಯವಹಾರ ಹೇಗೆ ನಡೆಯಿತು ನೋಡಿ. ಜಾರ್ಖಂಡ್‌ನಲ್ಲಿ ಅದಾನಿ ಕಂಪನಿ ಕಟ್ಟಿದ 1,600 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ. ಕರೆಂಟ್ ಎಲ್ಲ ಬಾಂಗ್ಲಾದೇಶಕ್ಕೆ ಎಂದು 2017ರಲ್ಲೇ ಒಪ್ಪಂದ. 2023ರಲ್ಲಿ ಪೂರೈಕೆ ಶುರು. ಅಲ್ಲಿನ ಜನ ದರ ಜಾಸ್ತಿ ಅಂದರು, ಷರತ್ತುಗಳು ಗುಟ್ಟಾಗಿವೆ ಅಂದರು. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿತ್ತು. ಅದೇ ತಿಂಗಳು ಭಾರತ ನಿಯಮ ಬದಲಿಸಿ, ಇಂಥ ಸ್ಥಾವರಗಳು ಬೇಕಿದ್ದರೆ ದೇಶದೊಳಗೂ ಮಾರಬಹುದು ಎಂದಿತು. ನವೆಂಬರ್ ಹೊತ್ತಿಗೆ 80 ಕೋಟಿ ಡಾಲರ್ ಮೀರಿದ ಬಾಕಿಗಾಗಿ ಪೂರೈಕೆ ಅರ್ಧಕ್ಕೆ ಇಳಿಯಿತು. ಬಾಕಿ ಕೇಳುವುದು ತಪ್ಪಲ್ಲ. ಆದರೆ ದರವನ್ನು ಜನರ ಮುಂದೆ ಚರ್ಚಿಸದೆ ಇಪ್ಪತ್ತೈದು ವರ್ಷದ ಒಪ್ಪಂದ ಮಾಡಿದರೆ, ಮುಂದೆ ಯಾವ ಸರ್ಕಾರ ಬಂದರೂ ಅದು ಜಗಳಕ್ಕೆ ಕಾರಣವಾಗಿಯೇ ಆಗುತ್ತದೆ. ಅದೂ ಆಮದು ಕಲ್ಲಿದ್ದಲಿನ ಮೇಲೆ ನಿಂತ ಸ್ಥಾವರ. ಇದನ್ನು ಪ್ರಾದೇಶಿಕ ಸಹಕಾರದ ಮಾದರಿ ಅಂತ ತೋರಿಸಲು ನನಗೆ ಮನಸ್ಸಿಲ್ಲ.

ನೇಪಾಳಕ್ಕೆ ಇನ್ನೊಂದು ಕೊರಗು. ಚೀನಾದ ಬಂಡವಾಳ ಇರುವ ಜಲವಿದ್ಯುತ್ ಘಟಕಗಳ ಕರೆಂಟ್ ಕೊಳ್ಳಲು ಭಾರತ ಒಪ್ಪುವುದಿಲ್ಲ. ಭದ್ರತೆಯ ಕಾರಣ ಅರ್ಥವಾಗುವಂಥದ್ದೇ. ಆದರೆ ಪಕ್ಕದ ದೇಶ ತನ್ನ ನದಿಯಲ್ಲಿ ಕಟ್ಟಿದ್ದರಲ್ಲಿ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಅನ್ನೋದು ಮೊದಲೇ ಸ್ಪಷ್ಟವಾಗಿ, ಬರಹದಲ್ಲಿ, ಬೇಗ ತಿಳಿಯಬೇಕು. ನೀರು ಯಾರಿಗಾಗಿಯೂ ಕಾಯುವುದಿಲ್ಲ. ಕೊಳ್ಳುವವರಿಲ್ಲದೆ ಮಳೆಗಾಲದಲ್ಲಿ ಸುಮ್ನೆ ಹರಿದುಹೋದ ನೀರಿನ ನಷ್ಟ ಅವರದು.

ಸಾರ್ಕ್ ದೇಶಗಳು 2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ವಿದ್ಯುತ್ ಸಹಕಾರದ ಚೌಕಟ್ಟು ಒಪ್ಪಂದಕ್ಕೆ ಸಹಿ ಹಾಕಿದ್ದವು. ಆಮೇಲೆ ಸಾರ್ಕ್ ಶೃಂಗಸಭೆಯೇ ನಡೆದಿಲ್ಲ. ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಕೂಟವಾದ ಬಿಮ್‌ಸ್ಟೆಕ್‌ನವರು 2018ರಲ್ಲಿ ಗ್ರಿಡ್ ಜೋಡಣೆಗೆ ಒಡಂಬಡಿಕೆ ಮಾಡಿಕೊಂಡವು. ಕೆಲಸ ಮುಂದೆ ಹೋದದ್ದು ಇಬ್ಬರು, ಮೂವರು ಕೂತು ಮಾಡಿಕೊಂಡ ಒಪ್ಪಂದಗಳಿಂದಲೇ.

ನದಿಯ ಪಾಡು, ಬೂದಿಯ ಪಾಡು

ಜಲವಿದ್ಯುತ್ ಅಂದರೆ ಶುದ್ಧ, ಕಲ್ಲಿದ್ದಲು ಅಂದರೆ ಕೊಳಕು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಶಕ್ತಿನಗರದ ಸುತ್ತಲಿನ ಊರುಗಳವರಿಗೆ ಎರಡನೆಯ ಮಾತು ಬಿಡಿಸಿ ಹೇಳಬೇಕಿಲ್ಲ. 1985ರಿಂದ ಹಾರುಬೂದಿ ಅವರ ಬದುಕಿನ ಭಾಗ. ಬಟ್ಟೆ ಒಣಹಾಕುವುದರಿಂದ ಹಿಡಿದು ಹತ್ತಿ ಬಿಡಿಸುವವರೆಗೆ ಅದರ ಜೊತೆ ಹೆಣಗಬೇಕು. ಈಗ ಯರಮರಸ್‌ನಲ್ಲಿ 1,600 ಮೆಗಾವ್ಯಾಟ್ ಬೇರೆ ಇದೆ.

ಆದರೆ ಹಿಮಾಲಯದ ಕಡೆ ನೋಡಿ. 2023ರ ಅಕ್ಟೋಬರ್ 4ರಂದು ಸಿಕ್ಕಿಂನ ದಕ್ಷಿಣ ಲೊನಾಕ್ ಹಿಮಸರೋವರ ಒಡೆದು ಚುಂಗ್‌ತಾಂಗ್‌ನ ತೀಸ್ತಾ–3 ಅಣೆಕಟ್ಟು ಕೊಚ್ಚಿಹೋಯಿತು. 1,200 ಮೆಗಾವ್ಯಾಟ್ ಯೋಜನೆ ಒಂದೇ ರಾತ್ರಿಯಲ್ಲಿ ನಿಂತುಹೋಯಿತು. ಕೆಳಗಿನ ಊರುಗಳಲ್ಲಿ ಸಾವು ನೋವು. 2025ರ ಜುಲೈನಲ್ಲಿ ನೇಪಾಳದ ರಸುವಾದಲ್ಲಿ ಪ್ರವಾಹ ಬಂದು ಚೀನಾ ಗಡಿಯ ಸೇತುವೆಯನ್ನೂ ಜಲವಿದ್ಯುತ್ ಕೇಂದ್ರಗಳನ್ನೂ ಹಾಳುಮಾಡಿತು. ಭೂತಾನಿನ ಪುನತ್ಸಂಗ್‌ಛು–1ರಲ್ಲಿ ಅಣೆಕಟ್ಟು ಕಟ್ಟಬೇಕಿದ್ದ ಗುಡ್ಡವೇ ಜಾರಿ 1,200 ಮೆಗಾವ್ಯಾಟ್ ಯೋಜನೆ ವರ್ಷಗಟ್ಟಲೆ ಹಿಂದೆ ಬಿತ್ತು, ಖರ್ಚು ಹಲವು ಪಟ್ಟು ಏರಿತು. ತುಂಗಭದ್ರೆಗಾಗಿ ಸುಮಾರು 90 ಊರುಗಳನ್ನು ಮುಳುಗಿಸಿಕೊಂಡವರ ಮೊಮ್ಮಕ್ಕಳು ನಾವು. ಬೇರೆ ಕಣಿವೆಯಲ್ಲಿ ಇನ್ನೊಬ್ಬರ ಊರು ಮುಳುಗುವಾಗ ಅದನ್ನು ಬರೀ ಮೆಗಾವ್ಯಾಟ್ ಲೆಕ್ಕದಲ್ಲಿ ನೋಡಲು ನಮಗೆ ಮನಸ್ಸು ಬರಬಾರದು. ಹೊಸ ಒಪ್ಪಂದಗಳಲ್ಲಿ ಹಿಮಸರೋವರಗಳ ಮೇಲೆ ನಿಗಾ, ಮುನ್ನೆಚ್ಚರಿಕೆಯ ಮಾಹಿತಿ ಹಂಚಿಕೆ, ಕೆಳಗಿನ ಊರುಗಳಿಗೆ ಪಾಲು ಇವೆಲ್ಲ ದರದ ಪಕ್ಕದಲ್ಲೇ ಬರೆದಿರಬೇಕು. ಹರಿವಿನ ಮಾಹಿತಿಯನ್ನು ದೇಶದ ಗುಟ್ಟು ಅಂತ ಕಟ್ಟಿಡುವ ಹಳೆಯ ಅಭ್ಯಾಸ ಮೊದಲು ಹೋಗಬೇಕು.

ಇನ್ನು ನಮ್ಮ ಪಾಲಿನ ಕೆಲಸ. ದೆಹಲಿಯ ಒಪ್ಪಂದಗಳು ನಮ್ಮ ಕೈಲಿಲ್ಲ, ನಿಜ. ಆದರೆ ನಮಗೆ ಕರೆಂಟ್ ಕೊಡುವ ಜೆಸ್ಕಾಂ ದರ ಏರಿಸಬೇಕಾದಾಗ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು, ಹೋಗಿ ಮಾತಾಡಬಹುದು. ಅಲ್ಲಿ ಹೆಚ್ಚಾಗಿ ಕೇಳಿಬರುವುದು ಯೂನಿಟ್‌ಗೆ ಎಷ್ಟು ಪೈಸೆ ಜಾಸ್ತಿ ಅನ್ನೋದಷ್ಟೇ. ಅದರ ಜೊತೆ ಇದನ್ನೂ ಕೇಳಬೇಕು. ಮಳೆಗಾಲದಲ್ಲಿ ನಿಂತ ಉಷ್ಣ ಘಟಕಗಳಿಗೂ ನಾವು ನಿಗದಿತ ಶುಲ್ಕ ಕಟ್ಟುತ್ತೇವೆ ಅಲ್ವಾ, ಆ ತಿಂಗಳುಗಳಲ್ಲಿ ಬೇರೆ ರಾಜ್ಯಗಳಿಗೆ ಎಷ್ಟು ಯೂನಿಟ್ ಕೊಟ್ಟಿರಿ, ಬೇಸಿಗೆಯಲ್ಲಿ ಎಷ್ಟು ವಾಪಸ್ ಬಂತು? ಮಧ್ಯಾಹ್ನ ಖರೀದಿ ತಡೆದ ಬಿಸಿಲು ಮತ್ತು ಗಾಳಿ ಕರೆಂಟ್ ಎಷ್ಟು? ಗಡಿಯಾಚೆಗೆ ಮಾರುವ ಒಪ್ಪಂದಗಳಲ್ಲಿ ಕರ್ನಾಟಕದ ಕರೆಂಟ್ ಯಾಕಿಲ್ಲ? ಶಕ್ತಿನಗರದ ಹಳೆಯ ಘಟಕಗಳಲ್ಲಿ ಯಾವುದನ್ನು ಯಾವ ವರ್ಷ ನಿಲ್ಲಿಸುತ್ತೀರಿ, ಅಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕರಿಗೆ ಆಮೇಲೆ ಏನು ಕೆಲಸ? ಕೇಳಿದ ಪ್ರಶ್ನೆಗೆ ಆಯೋಗದ ಆದೇಶದಲ್ಲಿ ಉತ್ತರ ಬರಬೇಕಾಗುತ್ತದೆ. ಅದು ಎಲ್ಲರೂ ಓದಬಹುದಾದ ದಾಖಲೆ.